ಚೌಕದ ಹೊರಗಿನ ಕೊಸರು

ರುದ್ರೇಶ ವಾರಕ್ಕೆ ನಾಲ್ಕು ಸಂತೆ ಮಾಡುತ್ತಿದ್ದ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ನಾಲ್ಕೂ ಕಡೆ ಸರಕು ಒಂದೇ, ಚುರುಮುರಿ, ಅಂದರೆ ಮಂಡಕ್ಕಿ. ಟೊಮೆಟೊದಿಂದ ಹಿಡಿದು ಒಣಮೆಣಸಿನಕಾಯಿವರೆಗೆ ಎಲ್ಲವೂ ಬ್ಯಾಟರಿ ತಕ್ಕಡಿ ಏರಿದ ಈ ದಿನಗಳಲ್ಲೂ ಚುರುಮುರಿ ಮಾತ್ರ ಸೇರು ಬಿಟ್ಟು ಕದಲಿಲ್ಲ. ಅವನ ಸೇರು ಅಪ್ಪನ ಕಾಲದ್ದು, ಹಿತ್ತಾಳೆಯದು, ಅಂಚಿನಲ್ಲಿ ಒಂದು ಕಡೆ ನೆಗ್ಗಿತ್ತು.

ಸೇರಿನಿಂದ ಅಳೆಯುವವರಿಗೆ ಎರಡು ಕಟ್ಟಳೆಗಳಿವೆ. ಮೊದಲ ಸೇರಿಗೆ ‘ಒಂದು’ ಎನ್ನಬಾರದು, ‘ಲಾಭ’ ಎನ್ನಬೇಕು. ವ್ಯಾಪಾರ ಒಳ್ಳೆಯ ಮಾತಿನಿಂದ ಶುರುವಾಗಲಿ ಎಂದು. ಎರಡರಿಂದ ಮುಂದೆ ಎಲ್ಲರ ಎಣಿಕೆಯೇ. ಇನ್ನೊಂದು, ಅಳತೆ ಮುಗಿದ ಮೇಲೆ ಗಿರಾಕಿಯ ಚೀಲಕ್ಕೆ ಪುಕ್ಕಟೆಯಾಗಿ ಒಂದು ಹಿಡಿ ಹಾಕಬೇಕು. ಅದಕ್ಕೆ ಕೊಸರು ಎನ್ನುತ್ತಾರೆ. ಕೊಸರು ಬೀಳುವವರೆಗೆ ಗಿರಾಕಿ ಚೀಲದ ಬಾಯಿ ಮುಚ್ಚುವುದಿಲ್ಲ.

ಈ ಎರಡನೇ ಕಟ್ಟಳೆಗೆ ರುದ್ರೇಶ ತನ್ನದೊಂದು ಸುಧಾರಣೆ ಸೇರಿಸಿದ್ದ. ಕೊಸರನ್ನೂ ಅವನು ಗಟ್ಟಿಯಾಗಿ ಎಣಿಸುತ್ತಿದ್ದ. ಮೂರು ಸೇರು ಕೇಳಿದವರಿಗೆ ಮೂರು ಅಳೆದು, ಹಿಡಿ ಹಾಕುವಾಗ “ನಾಕು” ಎನ್ನುತ್ತಿದ್ದ. ಕೇಳಿದ್ದು ಮೂರು, ಕಿವಿಗೆ ಬಿದ್ದದ್ದು ನಾಲ್ಕು. ಗಿರಾಕಿ ನಗುತ್ತ ಹೋಗುತ್ತಿದ್ದ. ಈ ಉಪಾಯ ತನ್ನ ತಲೆಯಿಂದಲೇ ಬಂದದ್ದು ಎಂಬ ಹೆಮ್ಮೆ ಅವನಿಗೆ ಬಹಳ ಇತ್ತು.

ಅದಕ್ಕಿಂತ ದೊಡ್ಡ ಹೆಮ್ಮೆ ಮಗಳು ಅಂಕಿತಾ. ಏಳು ವರ್ಷ, ಎರಡನೇ ಇಯತ್ತೆ. ಹಾನಗಲ್ಲಿನಲ್ಲೇ ಮನೆಯಾದ್ದರಿಂದ ಆ ಸಂತೆಯ ದಿನ ಶಾಲೆ ಬಿಟ್ಟವಳೇ ಪಾಟಿಚೀಲದ ಸಮೇತ ಬರುತ್ತಿದ್ದಳು. ರಜೆ ಇದ್ದರೆ ಉಳಿದ ಸಂತೆಗಳಿಗೂ ಟಂಟಂ ಗಾಡಿಯಲ್ಲಿ ಅಪ್ಪನ ಪಕ್ಕ. ಮಡಿಸಿದ ಗೋಣಿಚೀಲ ಅವಳ ಗಾದಿ. ಅಲ್ಲಿ ಕುಳಿತರೆ ಸೇರು ಅವಳ ಕೈಗೆ ಹೋಗುತ್ತಿತ್ತು.

“ಎಷ್ಟ ಹಾಕ್ಲಿ ಅಜ್ಜಾ?”

“ಮೂರು ಹಾಕವ್ವ.”

“ಲಾಭ... ಎರಡು... ಮೂರು... ನಾಕು.”

ನಾಲ್ಕನೆಯದು ಅವಳ ಪುಟ್ಟ ಮುಷ್ಟಿ. ಪಕ್ಕದಲ್ಲಿ ಬೆಳ್ಳುಳ್ಳಿ ಮಾರುವ ಫಕ್ರುಸಾಬ ದಿನಕ್ಕೆ ಒಮ್ಮೆಯಾದರೂ ಹೇಳುತ್ತಿದ್ದ: “ರುದ್ರೇಶಣ್ಣಾ, ನಿನ್ನ ಮಗಳು ಮುಂದ ಬ್ಯಾಂಕಿನ್ಯಾಗ ಕುಂದರ್ತಾಳ ನೋಡು.”

“ಬ್ಯಾಂಕಿನ್ಯಾಗ ಕೊಸರು ಕೊಡ್ತಾರೇನ್ ಚಾಚಾ?”

“ಇಲ್ಲವ್ವ. ಅವರು ಇಸಗೊಳ್ಳೂದ ಹೆಚ್ಚು.”

“ಹಂಗಾರ ನಾ ಒಲ್ಲೆ.”

ಫೆಬ್ರವರಿಯ ಮೊದಲ ಶನಿವಾರ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ರುದ್ರೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿ ಮಂಜುಳಾಳ ಜೊತೆ ಹೋದ. ಟೀಚರು ಹೊಗಳುವಾಗ ಮುಖ ಹೇಗಿಟ್ಟುಕೊಳ್ಳಬೇಕು ಎಂಬುದನ್ನು ದಾರಿಯಲ್ಲೇ ತೀರ್ಮಾನಿಸಿದ್ದ: ತುಸು ತಲೆ ಬಗ್ಗಿಸಿ, ಅಷ್ಟೇನೂ ದೊಡ್ಡ ವಿಷಯವಲ್ಲ ಎಂಬಂತೆ.

ತಸ್ಲೀಮಾ ಟೀಚರು ಹನ್ನೊಂದು ವರ್ಷದಿಂದ ಸಣ್ಣ ಮಕ್ಕಳಿಗೆ ಕಲಿಸುತ್ತಿರುವವರು. ಅಂಕಿತಾಳ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು.

“ಇಪ್ಪತ್ತು ಲೆಕ್ಕ ಕೊಟ್ಟಿದ್ದೆ. ಎರಡು ಸರಿ ಅದಾವ.”

“ಎರಡು ತಪ್ಪಾದುವೇನ್ರಿ?” ಎಂದ ರುದ್ರೇಶ, ತಲೆ ಬಗ್ಗಿಸಲು ಸಿದ್ಧನಾಗಿ.

“ಎರಡು ಸರಿ ಅದಾವ್ರಿ. ಹದಿನೆಂಟು ತಪ್ಪು.”

ತಲೆ ತಾನಾಗಿ ಬಗ್ಗಿತು.

“ಅವು ಹೆಂಗ ತಪ್ಪ್ಯಾವ ನೋಡ್ರಿ,” ಎಂದು ಟೀಚರು ಪೆನ್ನಿನಿಂದ ತೋರಿಸಿದರು. “ಕೂಡಿಸೂ ಲೆಕ್ಕ ಇದ್ರ ಒಂದು ಹೆಚ್ಚು. ಕಳಿಯೂ ಲೆಕ್ಕ ಇದ್ರ ಒಂದು ಕಡಿಮಿ. ಬೆರಳು ಎಣಿಸೂ ಮುಂದ ತಪ್ಪತಾಳ ಅಂತ ತಿಳಕೊಂಡಿದ್ದೆ. ಆದ್ರ ಬೋರ್ಡಿನ ಮ್ಯಾಲ ನಾಕು ಕೂಡಿಸು ಮೂರು ಅಂತ ಬರದ್ರ ಏಳು ಅಂತಾಳ. ಅದನ್ನ ಸಂತಿ ಕಥಿ ಮಾಡಿ ಕೊಟ್ರ ಎಂಟು ಅಂತಾಳ. ಸೊನ್ನಿ ಬಂದಲ್ಲೆ ಉಳದ ಹುಡುಗ್ರು ಮುಗ್ಗರಸ್ತಾರ, ಇಕಿ ಸೊನ್ನಿ ಇದ್ದ ಎರಡ ಲೆಕ್ಕ ಸರಿ ಮಾಡ್ಯಾಳ. ಇಂಥಾದ್ದು ನಾ ನೋಡೇ ಇಲ್ಲ.”

ರುದ್ರೇಶ ಕಾಗದವನ್ನು ನೋಡಿದ. ಕೆಂಪು ಗೀರುಗಳಷ್ಟೇ ಕಂಡವು.

“ಇನ್ನೊಂದು ಮಾತು,” ಎಂದರು ಟೀಚರು. “ನನ್ನ ಕ್ಲಾಸಿನ್ಯಾಗ ಮೂವತ್ತೊಂದು ಹುಡುಗ್ರು ಅದಾವ. ಇಕಿನ್ನ ನೋಡಿ ಎಲ್ಲಾವೂ ಒಂದು ಅನ್ನೂದು ಬಿಟ್ಟಾವ. ಲಾಭ, ಎರಡು, ಮೂರು ಅಂತಾವ. ಮೊನ್ನೆ ಮ್ಯಾಲಿನ ಸಾಹೇಬ್ರು ನೋಡಾಕ ಬಂದಿದ್ರು. ಒಂದರ ಮಗ್ಗಿ ಹೇಳ್ರಿ ಅಂದ್ರು. ‘ಲಾಭ ಒಂದ್ಲೆ ಲಾಭ’ ಅಂತ ಶುರು ಮಾಡಿದ್ವು.”

“ಸಾಹೇಬ್ರು ಏನಂದ್ರು ರೀ?” ಎಂದು ಕೇಳಿದಳು ಮಂಜುಳಾ.

“ಬರಕೊಂಡ ಹೋದ್ರು. ಏನ ಬರಕೊಂಡ್ರೋ ನಂಗ ತೋರಸ್ಲಿಲ್ಲ.” ಟೀಚರು ಕಾಗದ ಮಡಿಸಿದರು. “ಮನಿಯಾಗ ಲೆಕ್ಕ ಯಾರು ಹೇಳಿಕೊಡ್ತೀರಿ?”

ಈ ಪ್ರಶ್ನೆಗೆ ರುದ್ರೇಶ ವಾರದಿಂದ ಕಾದಿದ್ದ. ಉತ್ತರವೂ ಸಿದ್ಧವಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

“ಅವರವ್ವ ರೀ.”

ಮಂಜುಳಾ ನಿಧಾನವಾಗಿ ಅವನ ಕಡೆ ತಿರುಗಿದಳು. ಶಾಲೆಯಿಂದ ಮನೆಯವರೆಗೆ ಒಂದೂ ಮಾತಾಡಲಿಲ್ಲ. ಮನೆಯೊಳಗೆ ಹೋಗಿ, ಚಪ್ಪಲಿ ಬಿಟ್ಟು, ಬಾಗಿಲು ಮುಂದೆ ಮಾಡಿ ಮಾತಾಡಿದಳು.

“ನಾ ಯಾವಾಗ ಹೇಳಿಕೊಟ್ಟೇನ್ರಿ ಲೆಕ್ಕ? ಓದಾಕ ಕುಂದರಸಿದ್ರ ‘ಅಪ್ಪ ಕರದಾನ’ ಅಂತ ಸಂತಿಗೆ ಓಡತಾಳ. ನೀವು ಸೇರು ಕೈಗೆ ಕೊಡ್ತೀರಿ. ಮಂದಿ ಶಾಬಾಸ್ ಅಂತಾರ. ಅಲ್ಲೆ ಶಾಬಾಸ್, ಇಲ್ಲೆ ಎರಡು ಮಾರ್ಕು.”

ಅವಳ ಅಣ್ಣ ಶಂಭುಲಿಂಗನಿಗೆ ಸುದ್ದಿ ಮುಟ್ಟಲು ಒಂದು ಫೋನು ಸಾಕಾಯಿತು. ಹಂಸಭಾವಿಯಲ್ಲಿ ಅವನದು ಬೀಜ ಗೊಬ್ಬರದ ಅಂಗಡಿ. ಮಗಳು ಪೂಜಾ ಅಂಕಿತಾಳ ವಯಸ್ಸಿನವಳೇ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಏಳರವರೆಗೆ ಮಗ್ಗಿ ಹೇಳುತ್ತಾಳೆ. ಮರುದಿನವೇ ಬೈಕಿನ ಮೇಲೆ ಬಂದ ಶಂಭುಲಿಂಗ ಚಹಾ ಕುಡಿದು ಮುಗಿಸುವ ಮೊದಲೇ ವಿಷಯಕ್ಕೆ ಬಂದ.

“ಜೂನಿಂದ ಅಂಕಿತಾನ್ನ ನಮ್ಮ ಕಡೆ ಕಳಸ್ರಿ. ಪೂಜಾನ ಜೋಡಿ ಶಾಲಿ ಬಸ್ಸಿನ್ಯಾಗ ಹೋಗಿ ಬರ್ತಾಳ. ಸಂತ್ಯಾಗ ಗೋಣಿಚೀಲದ ಮ್ಯಾಲ ಕುಂತ್ರ ಏನ ವಿದ್ಯಾ ಬರ್ತೈತ್ರಿ ರುದ್ರೇಶಪ್ಪಾರ?”

“ಭಾವಾರ, ಅಕಿ ಶಾಣ್ಯಾಕಿ ಅದಾಳ್ರಿ.”

“ಇಪ್ಪತ್ತರಾಗ ಎರಡಂತಲ್ರಿ.”

ಕೊನೆಗೆ ಮಂಜುಳಾಳೇ ನಡುವೆ ಬಂದಳು. “ಇಪ್ಪತ್ತೆಂಟಕ್ಕ ಇನ್ನೊಂದು ಪರೀಕ್ಷೆ ಐತಂತ ಅಣ್ಣ. ಅದನ್ನ ನೋಡೂಣು. ಅದರಾಗೂ ಹಿಂಗ ಬಂತಂದ್ರ ನಾನ ಬಂದು ಬಿಟ್ಟು ಹೋಗ್ತೇನಿ.”

ಶಂಭುಲಿಂಗ ಹೋದ ಮೇಲೆ ರುದ್ರೇಶ ಹೊರಗೆ ಬಂದು ಟಂಟಂ ಗಾಡಿ ಒರೆಸತೊಡಗಿದ. ಗಾಡಿ ಸ್ವಚ್ಛವೇ ಇತ್ತು. ಹಿರೇಕೆರೂರಿನಿಂದ ತಿರುಗಿ ಬರುವಾಗ ಮಗಳು ತನ್ನ ತೋಳಿಗೆ ಒರಗಿ ನಿದ್ದೆ ಹೋಗುತ್ತಿದ್ದದ್ದು ನೆನಪಾಯಿತು. ಆ ಜಾಗದಲ್ಲಿ ಖಾಲಿ ಚೀಲ ಇಟ್ಟುಕೊಂಡು ಗಾಡಿ ಓಡಿಸುವುದನ್ನು ಒಮ್ಮೆ ಕಲ್ಪಿಸಿಕೊಂಡ. ಕಲ್ಪನೆ ಹಿಡಿಸಲಿಲ್ಲ. ಮೂರು ವಾರ ಸಮಯವಿತ್ತು.

ಅಂದೇ ಸಂಜೆ ಪಾಠ ಶುರುವಾಯಿತು. ಹುಣಸೆ ಬೀಜ ಚೆಲ್ಲಿಕೊಂಡು ಅಪ್ಪ ಮಗಳು ಕುಳಿತರು.

“ನಾಕು ಬೀಜ. ಮ್ಯಾಲ ಮೂರು. ಎಷ್ಟಾತು?”

“ಏಳು.”

“ಒಂಬತ್ತರಾಗ ನಾಕು ತಗದ್ರ?”

“ಐದು.”

ಒಂದೂ ತಪ್ಪಲಿಲ್ಲ. ಇನ್ನು ಸಂತೆಯ ಲೆಕ್ಕ ತಾನೇ ತಪ್ಪುವುದು, ಅದನ್ನು ಸಂತೆಯಲ್ಲೇ ಗಟ್ಟಿ ಮಾಡಿಸಬೇಕು ಎಂದು ರುದ್ರೇಶ ನಿರ್ಧರಿಸಿದ. ಮುಂದಿನ ಹಾನಗಲ್ ಸಂತೆಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಕೇಳತೊಡಗಿದ.

“ಅಜ್ಜಿ ನಾಕು ಸೇರು ತಗೊಂಡ್ಲು. ಸಾಲಾಂಗಿಲ್ಲಂತ ಇನ್ನ ಮೂರು ತಗೊಂಡ್ಲು. ಚೀಲದಾಗ ಎಷ್ಟ ಬಿತ್ತು?”

“ಎಂಟು.”

“ಶಾಬಾಸ್. ಐದು, ಮ್ಯಾಲ ಎರಡು?”

“ಎಂಟು.”

“ಭಲೇ.”

ಅಂಗಿಯ ಕಿಸೆಯಲ್ಲಿದ್ದ ಪುಟ್ಟ ಡೈರಿಯಲ್ಲಿ ಅವನು ಗುರುತು ಹಾಕಿಕೊಂಡ: ಕೇಳಿದ್ದು ನಲವತ್ತೆರಡು ಲೆಕ್ಕ, ಸರಿ ಬಂದದ್ದು ನಲವತ್ತೆರಡು. ಬೀಜದಲ್ಲೂ ಸರಿ, ಸಂತೆಯಲ್ಲೂ ಸರಿ. ಹಾಗಾದರೆ ತಪ್ಪಿರುವುದು ಎಲ್ಲಿ? ಉಳಿದದ್ದು ಒಂದೇ, ಟೀಚರ ಕಾಗದ.

“ಹುಡುಗಿ ಬರೋಬರಿ ಅದಾಳ,” ಎಂದ ಫಕ್ರುಸಾಬನಿಗೆ. “ಟೀಚರ್ದ ಎಲ್ಲೋ ಎಡವಟ್ಟಾಗೇತಿ.”

“ಹೋಗಿ ಕೇಳು ಮತ್ತ.”

“ಕೇಳೂದ.”

ಕೇಳಲು ಮೂರು ದಿನ ಧೈರ್ಯ ಕೂಡಿಸಿದ. ನಾಲ್ಕನೇ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಡೈರಿ ಹಿಡಿದು ಹೋದ. ತಸ್ಲೀಮಾ ಟೀಚರು ಒಬ್ಬರೇ ಕುಳಿತು ಹಾಜರಿ ತುಂಬುತ್ತಿದ್ದರು.

“ತಪ್ಪ ತಿಳೀಬ್ಯಾಡ್ರಿ ಟೀಚರ. ನಾ ನಲವತ್ತೆರಡು ಲೆಕ್ಕ ಕೇಳೇನಿ. ಎಲ್ಲಾ ಸರಿ ಹೇಳ್ಯಾಳ. ನಿಮ್ಮ ಪೇಪರ ಒಮ್ಮೆ ನೋಡೂಣ ಅಂತ ಬಂದೆ.”

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಿಗೇಳುತ್ತಿದ್ದರೇನೋ. ಆದರೆ ತಸ್ಲೀಮಾ ಟೀಚರಿಗೂ ಆ ಕಾಗದ ಎರಡು ವಾರದಿಂದ ತಲೆ ತಿನ್ನುತ್ತಿತ್ತು. ಕಪಾಟಿನಿಂದ ತೆಗೆದು ಏಳನೇ ಲೆಕ್ಕ ಓದಿದರು.

“ಕೇಳ್ರಿ. ಸಾವಂತ್ರವ್ವ ಸಂತ್ಯಾಗ ನಾಕು ನಿಂಬಿಹಣ್ಣು ತಗೊಂಡ್ಲು. ಆಮ್ಯಾಲ ಇನ್ನ ಮೂರು ತಗೊಂಡ್ಲು. ಮನಿಗೆ ಎಷ್ಟು ಒಯ್ದಳು?”

“ಎಂಟು,” ಎಂದ ರುದ್ರೇಶ.

ಟೀಚರು ಪೆನ್ನು ಕೆಳಗಿಟ್ಟರು.

“ಎಷ್ಟಂದ್ರಿ?”

“ಎಂಟು ರೀ.”

“ನಾಕು, ಮೂರು ಕೂಡಿಸಿದ್ರ ಏಳ್ರಿ ರುದ್ರೇಶಪ್ಪಾರ.”

“ಏಳ ಹೌದ್ರಿ. ಆದ್ರ ಮನಿಗೆ ಒಯ್ಯೂದು ಎಂಟ. ಏಳು ನಿಂಬಿಹಣ್ಣು ತಗೊಂಡಾಕಿಗೆ ಒಂದು ಕೊಸರು ಹಾಕಲಾರದ ಕಳಸ್ತಾರೇನ್ರಿ?”

ಟೀಚರು ಮತ್ತೆ ಕಾಗದ ಎತ್ತಿಕೊಂಡರು.

“ಹನ್ನೊಂದನೇದ್ದು. ಕನಕಪ್ಪನ ಬುಟ್ಟ್ಯಾಗ ಒಂಬತ್ತು ಪ್ಯಾರಲಹಣ್ಣು ಇದ್ದುವು. ನಾಕು ಮಾರಿದ. ಎಷ್ಟು ಉಳದ್ವು?”

“ನಾಕು. ಒಂದು ಕೊಸರಿಗೆ ಹೋತಲ್ರಿ.”

“ಅಂಕಿತಾನೂ ನಾಕ ಬರದಾಳ. ಹದಿನೈದನೇದ್ದು. ನೀಲಪ್ಪನ ಹತ್ರ ಆರು ಬಾಳಿಹಣ್ಣು ಇದ್ದುವು. ಸಂತಿಗೆ ಹೋಗಿ ಏನೂ ತಗೊಳ್ಳಲಾರದ ಬಂದ. ಎಷ್ಟಾದ್ವು?”

“ಆರ. ತಗೊಳ್ಳಲಾರದವಗ ಎಂಥಾ ಕೊಸರ್ರಿ?”

ಟೀಚರು ನಗಲು ಶುರುಮಾಡಿದರು. ಮೊದಲು ಬಾಯಿಗೆ ಸೆರಗು ಹಿಡಿದು, ಆಮೇಲೆ ಸೆರಗು ಬಿಟ್ಟು. ಇಪ್ಪತ್ತು ಲೆಕ್ಕಗಳನ್ನೂ ಇಬ್ಬರೂ ಕುಳಿತು ನೋಡಿದರು. ಕೂಡಿಸುವ ಹತ್ತರಲ್ಲಿ ಒಂದು ಕೊಸರು ಬಂದಿತ್ತು, ಕಳೆಯುವ ಎಂಟರಲ್ಲಿ ಒಂದು ಕೊಸರು ಹೋಗಿತ್ತು. ವ್ಯಾಪಾರವೇ ಆಗದ ಎರಡರಲ್ಲಿ ಕೊಸರಿಗೆ ಕೆಲಸವಿರಲಿಲ್ಲ.

“ಹುಡುಗ್ರಿಗೆ ಗೊತ್ತಿದ್ದ ಜಾಗಾದ ಲೆಕ್ಕ ಕೊಡ್ರಿ ಅಂತ ತರಬೇತ್ಯಾಗ ಹೇಳ್ತಾರ,” ಎಂದರು ಟೀಚರು ಕಣ್ಣು ಒರೆಸಿಕೊಳ್ಳುತ್ತ. “ಅದಕ್ಕಂತ ಸಂತಿ ಲೆಕ್ಕ ಕೊಟ್ಟೆ. ಇಕಿಗೆ ಸಂತಿ ನನಗಿಂತ ಹೆಚ್ಚು ಗೊತ್ತೈತಿ ಅಂತ ನಂಗೇನ ಗೊತ್ತು?”

“ಹಂಗಾರ ಆ ಹದಿನೆಂಟು ಸರಿ ಅಂತ ಹಾಕಿಬಿಡ್ರಲ್ಲ.”

“ಆಗಾಂಗಿಲ್ರಿ. ಪುಸ್ತಕದಾಗ ಉತ್ತರ ಏಳ. ಮುಂದ ಯಾರ ತಿದ್ದಿದ್ರೂ ಏಳ ಕೇಳ್ತಾರ. ಇಪ್ಪತ್ತೆಂಟನೇ ತಾರೀಖಿಗೂ ಸಂತಿ ಲೆಕ್ಕ ಇರ್ತಾವ.” ಟೀಚರ ನಗು ಈಗ ನಿಂತಿತ್ತು. “ಹೇಳಿಕೊಟ್ಟವ್ರು ನೀವು. ಆ ರೂಢಿ ಬಿಡಿಸಬೇಕಾದವ್ರೂ ನೀವ. ಅವರವ್ವನ ಹೆಸರು ಹೇಳಬ್ಯಾಡ್ರಿ ಈ ಸಲ.”

ಮನೆಗೆ ಹೋಗಿ ರುದ್ರೇಶ ಎಲ್ಲವನ್ನೂ ಹೇಳಿದ. ಮಂಜುಳಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು.

“ನೀವೂ ಎಂಟು ಅಂದ್ರಿ?”

“ಹೂಂ.”

“ಟೀಚರ ಮುಂದ?”

“ಹೂಂ.”

“ಹಂಗಾರ ಹಂಸಭಾವಿಗೆ ನಿಮ್ಮನ್ನೂ ಕಳಸಬೇಕಾಕ್ಕೇತಿ,” ಎಂದು ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಬಡಿತದ ಸದ್ದು ಮಾತ್ರ ಮೊದಲಿಗಿಂತ ಹಗುರಾಗಿತ್ತು.

ಬಿಡಿಸುವುದು ಕಲಿಸಿದಷ್ಟು ಸುಲಭವಿರಲಿಲ್ಲ.

“ಪುಸ್ತಕದಾಗಿನ ಲೆಕ್ಕಕ್ಕ ಕೊಸರು ಹಾಕಬ್ಯಾಡವ್ವ,” ಎಂದ ರುದ್ರೇಶ.

“ಯಾಕ?”

“ಪುಸ್ತಕದಾಗ ಕೊಸರು ಇರಾಂಗಿಲ್ಲ.”

“ಸಾವಂತ್ರವ್ವ ಏಳು ನಿಂಬಿಹಣ್ಣು ತಗೊಂಡ್ರೂ?”

“ತಗೊಂಡ್ರೂ.”

“ನಿಂಬಿಹಣ್ಣಿನಾಂವ ಅಷ್ಟ ಜಿಪುಣ ಅದಾನ?”

“ಜಿಪುಣ ಅಲ್ಲವ್ವ. ಅದು ಹಂಗ.”

“ಹಂಗಾರ ಅಕಿ ಮುಂದಿನ ವಾರ ಅವನ ಕಡೆ ಹೋಗಾಂಗಿಲ್ಲ. ನೀನ ಹೇಳೀಯಲ್ಲ, ಕೊಸರು ಹಾಕ್ಲಿಲ್ಲಂದ್ರ ಗಿರಾಕಿ ತಿರುಗಿ ಬರಾಂಗಿಲ್ಲಂತ.”

ಹೇಳಿದ್ದು ನಿಜ. ನಾಲ್ಕು ವರ್ಷದಿಂದ ಹೇಳುತ್ತ ಬಂದಿದ್ದ. ನಾಲ್ಕು ದಿನ ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದ. ಹುಣಸೆ ಬೀಜಕ್ಕೆ ಏಳು, ನಿಂಬೆಹಣ್ಣು ಎಂದ ಕೂಡಲೇ ಎಂಟು. “ಟೀಚರ ಸಲುವಾಗಿ ಏಳು ಅನ್ನು,” ಎಂದು ಗೋಗರೆದರೆ, “ಸುಳ್ಳ ಹೇಳಬಾರದು ಅಂತ ಟೀಚರ ಹೇಳ್ಯಾರ,” ಎಂಬ ಉತ್ತರ ಬಂತು.

ಪರೀಕ್ಷೆಗೆ ಮುಂಚಿನ ಕೊನೆಯ ಹಾನಗಲ್ ಸಂತೆ ಬಂತು. ರುದ್ರೇಶ ಕೊನೆಯ ಉಪಾಯಕ್ಕೆ ಕೈ ಹಾಕಿದ. ಕೊಸರು ಇಲ್ಲದೆಯೂ ಸಂತೆ ನಡೆಯುತ್ತದೆ ಎಂದು ಮಗಳಿಗೆ ಕಣ್ಣಾರೆ ತೋರಿಸಿದರೆ ಪುಸ್ತಕದ ಲೆಕ್ಕವನ್ನೂ ಒಪ್ಪಿಯಾಳು.

“ಇವತ್ತ ಯಾರಿಗೂ ಕೊಸರು ಇಲ್ಲ,” ಎಂದು ಸಾರಿದ. ಅಂಕಿತಾ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಮೊದಲ ಗಿರಾಕಿ ಎರಡು ಸೇರು ತೆಗೆದುಕೊಂಡು, ಚೀಲ ತೆರೆದು ಹಿಡಿದು ನಿಂತ. ಏನೂ ಬೀಳಲಿಲ್ಲ. “ಮರತೀರೇನ್ರಿ?” ಎಂದ. “ಇವತ್ತಿಲ್ರಿ,” ಎಂದ ರುದ್ರೇಶ. ಅವನು ಚುರುಮುರಿಯನ್ನು ರಾಶಿಗೆ ತಿರುಗಿ ಸುರಿದು ಎದುರು ಸಾಲಿಗೆ ಹೋದ. ಎರಡನೆಯವಳು ಸುಮ್ಮನೆ ಹೋಗಲಿಲ್ಲ, ಬೈದು ಹೋದಳು. ಮೂರನೆಯವನು ಹೋಗುವಾಗ ತಾನೇ ಒಂದು ಹಿಡಿ ಎತ್ತಿ ಹಾಕಿಕೊಂಡ.

“ಏನಪಾ ರುದ್ರೇಶಣ್ಣಾ,” ಎಂದ ಫಕ್ರುಸಾಬ, “ಕೊಸರಿಗೂ ಜಿಎಸ್‌ಟಿ ಬಂತೇನು?”

ನಾಲ್ಕನೇ ಗಿರಾಕಿಯ ಚೀಲದೊಳಗೆ ಅಂಕಿತಾಳ ಕೈ ಒಮ್ಮೆ ಹೋಗಿ ಬಂದದ್ದನ್ನು ರುದ್ರೇಶ ನೋಡಿದ. ನೋಡದವನಂತೆ ಇದ್ದ.

ಆಗ ಇಮಾಮಬಿ ಬಂದಳು. ಎಪ್ಪತ್ತು ದಾಟಿದ ಮುದುಕಿ, ರುದ್ರೇಶನ ಅಪ್ಪನ ಕಾಲದಿಂದಲೂ ಇದೇ ಸೇರಿನ ಗಿರಾಕಿ. ಮೂರು ಸೇರು ಹಾಕಿಸಿಕೊಂಡಳು. ಚೀಲ ತೆರೆದೇ ಹಿಡಿದಳು.

“ಇವತ್ತ ಕೊಸರು ಇಲ್ಲ ಇಮಾಮಬಿ,” ಎಂದ ರುದ್ರೇಶ, ಅವಳ ಮುಖ ನೋಡದೆ.

“ನಂಗೇನೂ ಅವಸರಿಲ್ಲ,” ಎಂದು ಮುದುಕಿ ಅಲ್ಲೇ ಗೋಣಿಚೀಲದ ಅಂಚಿಗೆ ಕುಳಿತಳು. ಚೀಲದ ಬಾಯಿ ತೆರೆದೇ ಇತ್ತು.

ಹಿಂದೆ ಗಿರಾಕಿಗಳು ನಿಂತರು. ಬೇರೆ ದಾರಿ ಕಾಣದೆ ರುದ್ರೇಶ ಅವಳಿಗೆ ಎಲ್ಲವನ್ನೂ ಹೇಳಿದ: ಪರೀಕ್ಷೆ, ಸಾವಂತ್ರವ್ವ, ನಿಂಬೆಹಣ್ಣು, ಹಂಸಭಾವಿ. ಮುದುಕಿ ಕೊನೆಯವರೆಗೆ ಕೇಳಿದಳು.

“ತಪ್ಪು ಹುಡುಗೀದಲ್ಲ, ನಿಂದ,” ಎಂದಳು. “ಕೊಸರು ಹಾಕೂದ ತಪ್ಪಲ್ಲ. ಅದನ್ನ ನಾಕು ಅಂತೀಯಲ್ಲ, ಅದು ತಪ್ಪು. ನಿಮ್ಮಪ್ಪ ಹಂಗ ಎಂದರ ಅಂದಿದ್ನ? ಮೂರು ಅಂತಿದ್ದ, ಸೇರು ಕೆಳಗ ಇಡತಿದ್ದ. ಆಮ್ಯಾಲ ಒಂದು ಹಿಡಿ ಹಾಕತಿದ್ದ, ಬಾಯಿ ಬಿಡತಿದ್ದಿಲ್ಲ. ಕೊಟ್ಟದ್ದನ್ನ ಡಂಗುರ ಸಾರೂದು ನೀ ಬಂದ ಮ್ಯಾಲ ಶುರುವಾತು.”

ಅಪ್ಪ ಸೇರನ್ನು ಬೋರಲು ಹಾಕಿ, ಬರಿಗೈ ರಾಶಿಗೆ ಹಾಕುತ್ತಿದ್ದ ರೀತಿ ರುದ್ರೇಶನ ಕಣ್ಣಿಗೆ ಕಟ್ಟಿತು. ಹೌದು, ಅವರು ಎಂದೂ ಎಣಿಸಿರಲಿಲ್ಲ. ತನ್ನ ತಲೆಯಿಂದ ಬಂದ ಆ ಸುಧಾರಣೆಗೆ ಮಗಳು ಹದಿನೆಂಟು ಮಾರ್ಕು ತೆತ್ತಿದ್ದಳು.

ಅಂಕಿತಾ ಮುದುಕಿಯನ್ನೇ ನೋಡುತ್ತಿದ್ದಳು.

“ಅಜ್ಜಿ, ಕೊಸರು ಎಣಿಸಬಾರದೇನು?”

“ಎಣಿಸಬಾರದವ್ವ. ಸೇರಿನ್ಯಾಗ ಹಾಕಿದ್ದು ನಿನ್ನ ಲೆಕ್ಕ. ಮುಷ್ಟ್ಯಾಗ ಹಾಕಿದ್ದು ನಿನ್ನ ಮನಸ್ಸು. ಅದನ್ನ ಯಾರರ ಎಣಿಸ್ತಾರೇನು?”

“ಹಂಗಾರ...” ಹುಡುಗಿ ಯೋಚಿಸಿದಳು. “ಸಾವಂತ್ರವ್ವಗ ನಿಂಬಿಹಣ್ಣಿನಾಂವ ಕೊಸರು ಕೊಟ್ಟಿರ್ತಾನ. ಟೀಚರ ಅದನ್ನ ಕೇಳಿಲ್ಲ, ಅಷ್ಟ.”

“ಅಷ್ಟ,” ಎಂದ ರುದ್ರೇಶ ಗಡಿಬಿಡಿಯಿಂದ, ಮಾತು ಜಾರಿಹೋದೀತೆಂದು. “ಅಷ್ಟ ಅವ್ವಿ. ಟೀಚರ ಸೇರಿನ ಲೆಕ್ಕ ಅಷ್ಟ ಕೇಳಾಕತ್ತಾರ.”

ಅಂಕಿತಾ ಸೇರನ್ನು ಪಕ್ಕಕ್ಕಿಟ್ಟಳು. ಬರಿಗೈಯಿಂದ ರಾಶಿಯಲ್ಲಿ ಒಂದು ಹಿಡಿ ತೆಗೆದು ಇಮಾಮಬಿಯ ಚೀಲಕ್ಕೆ ಹಾಕಿದಳು. ತುಟಿ ಬಿಗಿಹಿಡಿದಿದ್ದಳು, ನಾಲ್ಕು ಎಂಬುದು ಹೊರಗೆ ಬೀಳದಂತೆ. ಮುದುಕಿ ಚೀಲದ ಬಾಯಿ ಕಟ್ಟಿದಳು.

ಅಂದು ಸಂಜೆ ಸಂತೆ ಮುಗಿಯುವವರೆಗೆ ರುದ್ರೇಶನೂ ನಾಲ್ಕು ಎನ್ನಲಿಲ್ಲ. ಎರಡು ಸಲ ಬಾಯಿವರೆಗೆ ಬಂದಿತ್ತು.

ಇಪ್ಪತ್ತೆಂಟರಂದು ಪರೀಕ್ಷೆ ನಡೆಯಿತು. ಸೋಮವಾರ ಸಂಜೆ ಕಾಗದ ಮನೆಗೆ ಬಂತು, ಪಾಲಕರ ಸಹಿಗಾಗಿ. ಹಾನಗಲ್ಲಿಗೆ ಕೆಲಸದ ಮೇಲೆ ಬಂದಿದ್ದ ಶಂಭುಲಿಂಗ ಮನೆಯಲ್ಲೇ ಕುಳಿತಿದ್ದ. ಕೆಲಸ ಏನೆಂದು ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಅಂಕಿತಾ ಕಾಗದವನ್ನು ಅಪ್ಪನ ಕೈಗೆ ಕೊಟ್ಟಳು. ರುದ್ರೇಶ ಮೇಲಿನಿಂದ ಓದಲಿಲ್ಲ, ಕೆಳಗಿನಿಂದ ಕೆಂಪು ಬಣ್ಣ ಹುಡುಕುತ್ತ ಹೋದ. ತಲೆಬರಹದ ಪಕ್ಕ ಸಿಕ್ಕಿತು. ಇಪ್ಪತ್ತಕ್ಕೆ ಇಪ್ಪತ್ತು.

ಅವನು ಕಾಗದವನ್ನು ಮಂಜುಳಾಳಿಗೆ ಕೊಟ್ಟ. ಅವಳು ನೋಡಿ ಅಣ್ಣನಿಗೆ ಕೊಟ್ಟಳು. ಶಂಭುಲಿಂಗ ವ್ಯಾಪಾರಿ, ಎರಡೆರಡು ಸಲ ನೋಡಿದ.

“ಲೆಕ್ಕ ಬರೋಬರಿ ಅದಾವ. ಆದ್ರ ಇವೇನಿವು ಗುಂಡ ಗುಂಡಂದು?”

ಪ್ರತಿ ಲೆಕ್ಕದ ಮುಂದೆ ಉತ್ತರ ಬರೆಯಲು ಒಂದು ಚೌಕವಿತ್ತು. ಚೌಕದೊಳಗೆ ಸರಿಯಾದ ಅಂಕಿ. ಚೌಕದ ಹೊರಗೆ, ಗೆರೆ ಮುಟ್ಟದಂತೆ, ಪೆನ್ಸಿಲ್ಲಿನಿಂದ ಬಿಡಿಸಿದ ಒಂದು ಪುಟ್ಟ ಹಣ್ಣು. ಎಲ್ಲಿ ನಿಂಬೆಯೋ ಅಲ್ಲಿ ನಿಂಬೆ, ಎಲ್ಲಿ ಪೇರಲವೋ ಅಲ್ಲಿ ತೊಟ್ಟು ಸಮೇತ ಪೇರಲ.

ಮಂಜುಳಾ ಬೆರಳಿಟ್ಟು ಎಣಿಸಿದಳು. “ಲಾಭ, ಎರಡು, ಮೂರು...” ಎಣಿಕೆ ಹದಿನೆಂಟಕ್ಕೆ ನಿಂತಿತು. “ಎರಡಕ್ಕ ಯಾಕ ಹಾಕಿಲ್ಲ?”

“ಅವು ಸೊನ್ನೀವು ಅವ್ವ,” ಎಂದಳು ಅಂಕಿತಾ. “ಅವರು ಏನೂ ತಗೊಂಡಿಲ್ಲ.”

ಅಂಕದ ಕೆಳಗೆ ಟೀಚರು ಬರೆದಿದ್ದರು: ‘ಉತ್ತರಗಳೆಲ್ಲ ಸರಿ. ಚೌಕದ ಹೊರಗಿನದಕ್ಕೆ ಅಂಕವಿಲ್ಲ.’ ಆದರೆ ಇಪ್ಪತ್ತಕ್ಕೆ ಇಪ್ಪತ್ತು ಎಂದು ಬರೆದು ಸುತ್ತ ಎಳೆದ ಗೆರೆಯ ಹೊರಗೆ, ಅದೇ ಕೆಂಪು ಶಾಯಿಯಲ್ಲಿ, ಅವರೂ ಒಂದು ಪುಟ್ಟ ನಕ್ಷತ್ರ ಹಾಕಿದ್ದರು. ಅದರ ಬಗ್ಗೆ ಏನೂ ಬರೆದಿರಲಿಲ್ಲ.

“ಟೀಚರ ಕೊಸರು,” ಎಂದಳು ಅಂಕಿತಾ. ಆಮೇಲೆ ಶಂಭುಲಿಂಗನ ಕಡೆ ತಿರುಗಿದಳು. “ಮಾಮಾ, ನಿಮ್ಮ ಅಂಗಡ್ಯಾಗ ಕೊಸರು ಹಾಕ್ತೀರೇನು?”

“ಬೀಜ ಪಾಕೀಟಿನ್ಯಾಗ ಬರ್ತಾವವ್ವ. ಕಂಪನಿಯವರು ಸೀಲ್ ಮಾಡಿ ಕಳಸ್ತಾರ. ಕೊಸರು ಎಲ್ಲಿಂದ ಹಾಕ್ಲಿ?”

ಹುಡುಗಿಯ ಮುಖದಲ್ಲಿ ಕನಿಕರ ಕಂಡು ಶಂಭುಲಿಂಗ ಚಹಾದ ಬಟ್ಟಲಿನ ಕಡೆ ನೋಡಿದ.

“ಅಣ್ಣ,” ಎಂದಳು ಮಂಜುಳಾ, “ಇಕಿ ಎಲ್ಲೂ ಬರಾಂಗಿಲ್ಲ ಬಿಡು. ಬ್ಯಾಸಗಿ ಸೂಟಿಗೆ ಪೂಜಾನ್ನ ಇಲ್ಲೆ ಕಳಸು. ಸಂತಿ ಕಲೀಲಿ.”

ರುದ್ರೇಶ ತಲೆ ಬಗ್ಗಿಸಿದ. ಅಂದು ಸಭೆಗೆ ಹೋಗುವಾಗ ಅಭ್ಯಾಸ ಮಾಡಿಟ್ಟುಕೊಂಡಿದ್ದ ಮುಖ ಈಗ ಉಪಯೋಗಕ್ಕೆ ಬಂತು. ಸಹಿ ಮಾಡಲು ಪೆನ್ನು ಹುಡುಕುತ್ತ, ಅಷ್ಟೇನೂ ದೊಡ್ಡ ವಿಷಯವಲ್ಲ ಎಂಬಂತೆ ಕೇಳಿದ: “ಮನಿಯಾಗ ಯಾರು ಹೇಳಿಕೊಟ್ರು ಅಂತ ಟೀಚರ ಕೇಳಿದ್ರೇನವ್ವ?”

“ಕೇಳಿದ್ರು.”

“ಏನಂದಿ?”

“ಇಮಾಮಬಿ ಅಜ್ಜಿ ಅಂದೆ.”

ಮಂಜುಳಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಶಂಭುಲಿಂಗ ಎದ್ದು ಬೈಕಿನ ಕೀಲಿ ತೆಗೆದುಕೊಂಡ. ಹೊಸ್ತಿಲ ಹತ್ತಿರ ನಿಂತು, “ಪೂಜಾಗ ಮೂರು ಸೇರು ಚುರುಮುರಿ ಹಾಕವ್ವ,” ಎಂದ.

ಅಂಕಿತಾ ಸೇರು ತಂದಳು. ಲಾಭ, ಎರಡು, ಮೂರು. ಸೇರನ್ನು ಬೋರಲು ಹಾಕಿ ಕೆಳಗಿಟ್ಟಳು. ಶಂಭುಲಿಂಗ ಚೀಲದ ಬಾಯಿ ಮುಚ್ಚದೆ ಹಾಗೇ ಹಿಡಿದು ನಿಂತಿದ್ದ.